ಧೋತರದ ನಾಲ್ಕನೆಯ ಮೂಲೆ

ಹದಿನಾಲ್ಕನೆಯ ದಿನ ಬೆಳಿಗ್ಗೆ ಎಂದಿನಂತೆ ನಳದಲ್ಲಿ ನೀರು ಬಂತು. ನೆಂಟರೆಲ್ಲ ಹಿಂದಿನ ದಿನವೇ ಬಸ್ಸು ಹತ್ತಿ ಹೋಗಿದ್ದರು. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ ಗದ್ದೆಮ್ಮ. ಎರಡು ಕೊಡ ತುಂಬಿದೆ. ಮೂರನೆಯದು ಅವರ ಸ್ನಾನಕ್ಕೆ. ಕೈ ತನ್ನಷ್ಟಕ್ಕೆ ಅದನ್ನೂ ತುಂಬಿತು. ಚೆಲ್ಲಲು ಮನಸ್ಸಾಗದೆ ಬಟ್ಟೆ ಒಗೆಯಲು ಕೂತೆ.

ಅವರು ಎಂದರೆ ನನ್ನ ಗಂಡ ಯಮನೂರಪ್ಪ. ಮಸ್ಕಿಯಲ್ಲಿ ಗಣಿತದ ಮಾಸ್ತರು. ತೊಂಬತ್ತಮೂರರ ಏಪ್ರಿಲ್ ಮೊದಲ ವಾರ ಉತ್ತರಪತ್ರಿಕೆ ತಿದ್ದಲು ಸಿಂಧನೂರಿಗೆ ಸ್ಕೂಟರಿನಲ್ಲಿ ಹೊರಟರು. ದಾರಿಯಲ್ಲಿ ಭತ್ತದ ಹುಲ್ಲು ತುಂಬಿದ ಟ್ರ್ಯಾಕ್ಟರ್ ಇತ್ತು. ಅವರಿಗೆ ಮೂವತ್ತೊಂದು, ನನಗೆ ಇಪ್ಪತ್ತಾರು.

ಒಗೆಯುವ ಬಟ್ಟೆಯಲ್ಲಿ ಅವರ ಮದುವೆಯ ಧೋತರ ಇತ್ತು. ನನ್ನ ತವರಿನವರು ಕೊಟ್ಟದ್ದು. ಅವರು ಅದನ್ನು ಉಟ್ಟದ್ದು ಒಂದೇ ದಿನ. ಆಮೇಲೆ ನಾಲ್ಕು ವರ್ಷ ಟ್ರಂಕಿನ ತಳದಲ್ಲಿತ್ತು. ಹೊರಗೆ ಯಾಕೆ ಬಂತು? ನೆನೆಹಾಕುವ ಮುಂಚೆ ಕೊಡವಿ ನೋಡಿದೆ. ಎರಡಾಗಿ ಮಡಿಸಿದ್ದ ಧೋತರ. ಮೂರು ಮೂಲೆಯಲ್ಲಿ ಮೂರು ತೂತು, ಸುತ್ತ ತುಕ್ಕಿನ ಕಲೆ. ನಾಲ್ಕನೆಯ ಮೂಲೆಯಲ್ಲಿ ತೂತು ಇರಲಿಲ್ಲ. ಯಾರೋ ಮುಷ್ಟಿಯಲ್ಲಿ ಹಿಡಿದಂತೆ ಸುಕ್ಕುಗಟ್ಟಿತ್ತು.

“ಅತ್ತಿ, ಈ ಧೋತ್ರ ಯಾರು ತಗದಿದ್ರು?”

ಅತ್ತೆ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ಹದಿಮೂರು ದಿನ ಮಂದಿ ತುಂಬಿತ್ತು. ಯಾರರ ತಗದಿರಬೇಕು.”

“ತೂತು ಬಿದ್ದಾವ.”

“ಇಲಿ ಕಡದಿರಬೇಕು ಬಿಡು.”

ಇಲಿ ಮೂಲೆಗೊಂದರಂತೆ ಎಣಿಸಿ ಕಡಿಯುವುದಿಲ್ಲ.

ಒಳಗೆ ಹೋಗಿ ನಡುಮನೆಯ ಗೋಡೆ ನೋಡಿದೆ. ಬಾಗಿಲಿಗೆ ನೇರ ಎದುರಿನ ಗೋಡೆ. ಕ್ಯಾಲೆಂಡರಿನ ಮೊಳೆ ಹಳೆಯದು. ಅದರ ಆಚೀಚೆ ಮೇಲೆ ಎರಡು, ಕೆಳಗೆ ಎಡಕ್ಕೆ ಒಂದು, ಹೊಸದಾಗಿ ಬಡಿದ ತುಕ್ಕು ಮೊಳೆ. ಕೆಳಗೆ ಬಲಕ್ಕೆ ಬಡಿದು ಬಡಿದು ಸುಣ್ಣ ಉದುರಿತ್ತು. ಒಳಗೆ ಕಲ್ಲು, ಮೊಳೆ ಇಳಿದಿರಲಿಲ್ಲ. ಹಾಸಿದ್ದ ಚಾಪೆ ಸುತ್ತಿದೆ. ನೆಲದ ಬಂಡೆಯ ಮೇಲೆ ಸೀಮೆಸುಣ್ಣದ ಒಂದು ಗೆರೆ. ಅದರ ಮುಂದೆ ಆರು ಹೆಜ್ಜೆಗೆ ಒಂದು ಗುಣಾಕಾರದ ಚಿಹ್ನೆ. ಗೆರೆ ನೇರವಾಗಿತ್ತು. ಅವರು ಕೈಯಿಂದ ಹಾಕಿದರೂ ಗೆರೆ ಹಾಗೆಯೇ ಬರುತ್ತಿತ್ತು.

ಶಾಲೆಯ ಪುಸ್ತಕ ಇಡುವ ಟ್ರಂಕು ತೆಗೆದೆ. ಅದನ್ನು ಈವರೆಗೆ ನಾನು ತೆಗೆದದ್ದೇ ಇಲ್ಲ. ನೋಟುಬುಕ್ಕುಗಳ ಕೆಳಗೆ ಕರಿ ಚರ್ಮದ ಚೀಲ, ಅದರಲ್ಲಿ ಒಂದು ಕ್ಯಾಮೆರಾ. ಚೀಲದ ಹೊಲಿಗೆಯ ಸಂದಿಯಲ್ಲಿ ಸೀಮೆಸುಣ್ಣದ ಪುಡಿ ಕೂತಿತ್ತು. ಮುಚ್ಚಳದ ಒಳಗೆ, ‘ಹುಸೇನ್‌ಸಾಬ್, ಫೋಟೋ ಸ್ಟುಡಿಯೋ, ಲಿಂಗಸುಗೂರು.’ ಗುಲ್ಬರ್ಗಾದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೆಳತಿಯ ಬಳಿ ಇಂಥದೇ ಇತ್ತು. ಹಿಂದಿನ ಮುಚ್ಚಳ ತೆರೆದರೆ ರೀಲು ಹಾಳು ಎಂದು ಗೊತ್ತಿತ್ತು. ಮೇಲಿನ ಸಣ್ಣ ಗಾಜಿನಲ್ಲಿ ಒಂಬತ್ತು ಕಾಣುತ್ತಿತ್ತು. ಒಂಬತ್ತು ಫೋಟೋ ತೆಗೆದಾಗಿದೆ.

ಚೀಲದ ತಳದಲ್ಲಿ ಒಂದು ಚೀಟಿ. ಅಕ್ಷರ ಅವರದೇ.

‘ಗೋಡೆಯಿಂದ ಎರಡು ಮೊಳ. ಸೆರಗು ಕಿವಿಯ ಹಿಂದಕ್ಕೆ. ಬಾಯಿ ಮುಚ್ಚಿರಲಿ. ನಗಬಾರದು.’

ಅದನ್ನು ನಾಲ್ಕು ಸಲ ಓದಿದೆ. ಯಾರ ಸೆರಗು? ಅಳು ಬರಲಿಲ್ಲ. ಹದಿನಾಲ್ಕು ದಿನದಿಂದಲೂ ಬಂದಿರಲಿಲ್ಲ. ಓಣಿಯವರು ಅದನ್ನೂ ಗಮನಿಸಿದ್ದರು.

ಹಿತ್ತಲಿನ ತಂತಿಗೆ ಧೋತರ ಹಾಕುವಾಗ ಎದುರು ಮನೆಯ ಮುದುಕಮ್ಮ ಸಂದಿಯಿಂದ ಬಂದು ನಿಂತಳು.

“ಆ ಧೋತ್ರಾನೂ ಒಗದೇನವಾ ಆದೆವ್ವಾ?”

“ಯಾಕ? ಅದಕ್ಕೇನಾಗೈತಿ?”

“ಏನಿಲ್ಲ. ಅವತ್ತು ಗ್ವಾಡಿಗೆ ಬಡದಿದ್ರಲ್ಲ, ಬಯಲಾಟದ ಪರದಿ ಹಾಂಗ. ಅದಕ್ಕ ಕೇಳಿದೆ.”

“ಯಾವತ್ತು?”

“ಮಾಸ್ತರು ಹೋಗೂ ಮುಂಚಿನ ವಾರ ನೀ ಗುರುಗುಂಟಾಕ್ಕ ಹೋಗಿದ್ದೆಲ್ಲ, ನಿಮ್ಮಣ್ಣನ ಕೂಸಿನ ತೊಟ್ಟಲಕ್ಕ. ಆವಾಗ. ಒಬ್ಬಾಕಿ ಬುರ್ಖಾದಾಕಿ ಬಂದಿದ್ಲು. ಎರಡು ಸಲ ಬಂದ್ಲು. ನಾ ಏನು ನೋಡಾಕ ಕುಂತಿದ್ದಿಲ್ಲವಾ. ಕಟ್ಟಿ ಮ್ಯಾಲೆ ಜ್ವಾಳ ಹಸನ ಮಾಡಾಕತ್ತಿದ್ದೆ, ಕಣ್ಣಿಗೆ ಬಿತ್ತು.”

“ಅತ್ತಿ ಮನ್ಯಾಗ ಇದ್ದಿದ್ದಿಲ್ಲೇನು?”

“ಯಾರಿಗೊತ್ತು. ನನಗಂತೂ ಕಾಣಲಿಲ್ಲ. ಸತ್ತವರ ಮ್ಯಾಲೆ ಮಾತಾಡಬಾರದವಾ, ಬಂಗಾರದಂಥ ಮನಷ್ಯಾ. ಆಕಿ ಮಾರಿ ಮ್ಯಾಲಿನ ಪರದಿ ತಗದಿದ್ಲು, ಅಷ್ಟ ಹೇಳ್ತೀನಿ.”

ಅಷ್ಟೇ ಹೇಳಿ ಹೋದಳು. ಹೋಗುವಾಗ ತಂತಿಯ ಮೇಲಿದ್ದ ಧೋತರದ ತುದಿ ಮುಟ್ಟಿ ನೋಡಿದಳು.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆಯನ್ನು ಕೇಳಿದೆ. ನಾನು ತವರಿಗೆ ಹೋಗಿದ್ದಾಗ ಮನೆಗೆ ಯಾರಾದರೂ ಬಂದಿದ್ದರೇ?

“ಯಾರೂ ಬಂದಿಲ್ಲ. ನಾ ಅವಾಗ ಹೊಲಕ್ಕ ಹೋಗಿದ್ದೆ.”

ಬೇಸಿಗೆಯಲ್ಲಿ ನಮ್ಮ ಹೊಲದಲ್ಲಿ ಕಲ್ಲು ಬಿಟ್ಟರೆ ಏನೂ ಇರುವುದಿಲ್ಲ. ಅತ್ತೆ ರೊಟ್ಟಿ ಮುರಿದಳು, ತಿನ್ನಲಿಲ್ಲ.

ಮರುದಿನ ಹೆಡ್‌ಮಾಸ್ತರ್ ಮೈಲಾರಲಿಂಗಪ್ಪನವರು ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಒಂದು ಅರ್ಜಿ ಚಾಚಿದರು. ಅನುಕಂಪದ ಆಧಾರದ ನೌಕರಿ. ನಾನು ಎಂ.ಎ. ಓದಿದ್ದರಿಂದ ಗುಮಾಸ್ತೆಯ ಕೆಲಸಕ್ಕೆ ತೊಂದರೆಯಾಗದು ಎಂದರು.

“ಮೂವತ್ತನೇ ತಾರೀಖಿನೊಳಗ ಕಚೇರಿಗೆ ಮುಟ್ಟಬೇಕಮ್ಮ. ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ಹಚ್ಚಿರಿ.”

ಒಳಗಿನಿಂದ ಹಾಲ್‌ಟಿಕೆಟಿನ ಹಳೆಯ ಫೋಟೋ ತಂದು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದರು.

“ಇದು ನಡೆಯಂಗಿಲ್ಲ. ಇದರಾಗ ನೀವು ಕುಂಕುಮ ಹಚ್ಚೀರಿ. ಅರ್ಜ್ಯಾಗ ವಿಧವೆ ಅಂತ ಬರದು ಫೋಟೋ ಇದನ್ನ ಹಚ್ಚಿದ್ರ, ಇದ್ಯಾರು ಅಂತ ಕೇಳ್ತಾರ. ಈಗಿನ ಫೋಟೋ ಬೇಕು.”

“ಆಕಿ ಮೂರು ತಿಂಗಳು ಹೊಸ್ತಲ ದಾಟಂಗಿಲ್ರಿ ಮಾಸ್ತರ,” ಎಂದಳು ಅತ್ತೆ. ಮಸ್ಕಿಯ ಸ್ಟುಡಿಯೋ ಬಜಾರದ ನಡುವೆ ಇತ್ತು. ಅಲ್ಲಿ ಬಿಳಿ ಸೀರೆ ಉಟ್ಟು ಫೋಟೋ ತೆಗೆಸಿಕೊಳ್ಳಲು ಕೂತರೆ ಸಂಜೆಗೆ ನಾಲ್ಕು ಓಣಿಗೆ ಸುದ್ದಿ.

“ಹಂಗಾರ ಮನ್ಯಾಗ ತಗೀರಿ. ಮಾಸ್ತರ ಹತ್ತಿರ ಒಂದು ಕ್ಯಾಮೆರಾ ಇತ್ತಲ್ಲ?” ಎಂದರು ಹೆಡ್‌ಮಾಸ್ತರು. “ತಗದು ರೀಲು ನನಗ ಕೊಡ್ರಿ. ಲಿಂಗಸುಗೂರಾಗ ತೊಳಸಿ ತರ್ತೀನಿ.”

ಇವರಿಗೂ ಕ್ಯಾಮೆರಾ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ನೋಡುತ್ತೇನೆ ಎಂದೆ.

ಅಣ್ಣ ಹೋಗುವಾಗ ಹೇಳಿದ್ದ, ಜೂನಿನಲ್ಲಿ ಬಂದು ಗುರುಗುಂಟಾಕ್ಕೆ ಕರೆದೊಯ್ಯುತ್ತೇನೆ ಎಂದು. ಅಲ್ಲಿ ನನಗೆ ಕೊಡುವ ಕೋಣೆ ಯಾವುದು, ಅದರಲ್ಲಿ ಹೊಟ್ಟಿನ ಚೀಲ ಎಷ್ಟಿವೆ ಎಂಬುದು ನನಗೆ ಗೊತ್ತು. ಹೋಗದೇ ಇರಲು ಈ ನೌಕರಿ ಬೇಕು. ನೌಕರಿಗೆ ಫೋಟೋ ಬೇಕು. ಫೋಟೋಕ್ಕೆ ರೀಲು ತೊಳೆಸಬೇಕು. ತೊಳೆಸಿದರೆ ನನ್ನ ಮುಖದ ಜೊತೆಗೆ ಆ ಒಂಬತ್ತೂ ಹೊರಗೆ ಬರುತ್ತವೆ. ಅವುಗಳಲ್ಲಿ ಏನಿದೆಯೋ ಅದನ್ನು ಹೆಡ್‌ಮಾಸ್ತರು ಮೊದಲು ನೋಡಬಾರದು. ನಾನು ನೋಡಬೇಕು. ಅಷ್ಟು ಮಾತ್ರ ತೀರ್ಮಾನ ಮಾಡಿದೆ.

ಮರುದಿನ ಹತ್ತು ಗಂಟೆಗೆ ಧೋತರವನ್ನು ಅವೇ ಮೂರು ಮೊಳೆಗೆ ಸಿಕ್ಕಿಸಿದೆ. ತೂತುಗಳು ತಮ್ಮ ಜಾಗಕ್ಕೆ ಸರಿಯಾಗಿ ಕೂತವು. ಸ್ಟೂಲನ್ನು ಗೆರೆಯ ಮೇಲೆ ಇಟ್ಟೆ. ಗುಣಾಕಾರದ ಚಿಹ್ನೆಯ ಮೇಲೆ ಟೇಬಲ್ಲು, ಅದರ ಮೇಲೆ ನೋಟುಬುಕ್ಕಿನ ಕಟ್ಟು, ಕಟ್ಟಿನ ಮೇಲೆ ಕ್ಯಾಮೆರಾ. ಕಣ್ಣಿಟ್ಟು ನೋಡಿದರೆ ಸ್ಟೂಲಿನ ಮೇಲೆ ಕೂರುವವರ ಮುಖ ನಡುವೆ ಬರುವಂತೆ ಎಲ್ಲ ಸಿದ್ಧವಾಗಿತ್ತು. ಬೇರೆ ಯಾರಿಗೋ ಅಳತೆ ಮಾಡಿಟ್ಟ ಜಾಗ.

ಕ್ಯಾಮೆರಾದ ಮುಂದೆ ಒಂದು ಸಣ್ಣ ಹಿಡಿ ಇರುತ್ತದೆ. ಅದನ್ನು ತಿರುಗಿಸಿ ಬಿಟ್ಟರೆ ಹತ್ತು ಎಣಿಸುವಷ್ಟರಲ್ಲಿ ತಾನೇ ಫೋಟೋ ತೆಗೆಯುತ್ತದೆ. ತಿರುಗಿಸಿ ಬಂದು ಕೂತೆ. ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಎದ್ದು ಬಂದಳು. ಬಂದವಳೇ ಬಲಗಡೆ ಗೋಡೆಗೆ ಒತ್ತಿ ಕುಕ್ಕರಗಾಲಲ್ಲಿ ಕೂತು, ಮೊಳೆ ಇಲ್ಲದ ನಾಲ್ಕನೆಯ ಮೂಲೆಯನ್ನು ಹಿಡಿದು ಎಳೆದಳು. ಯಾರೂ ಹೇಳಿರಲಿಲ್ಲ.

“ಹಿಂದಕ್ಕ ಸರೀಬ್ಯಾಡ. ನೆಳ್ಳು ಬೀಳತೈತಿ,” ಎಂದಳು. “ಈಗ ಉಸರು ಹಿಡಿ.”

ಕ್ಯಾಮೆರಾ ಕಟ್ ಎಂದಿತು.

“ನಿಮಗ ಯಾರು ಹೇಳಿದ್ರು ಅತ್ತಿ?”

“ಏನನ್ನ?”

“ನೆಳ್ಳು ಬೀಳತೈತಿ ಅಂತ. ಉಸರು ಹಿಡೀಬೇಕು ಅಂತ.”

ಅತ್ತೆ ಮೂಲೆ ಬಿಟ್ಟಳು. ಧೋತರ ಜೋತುಬಿತ್ತು.

“ಅರಿವಿ ಜೋತಾಡಾಕತ್ತಿತ್ತು, ಹಿಡದೆ. ಅದಕ್ಕೂ ಕೇಳಬೇಕೇನು?” ಎಂದು ಒಳಗೆ ಹೋದಳು.

ಹೆಂಗಸು ಬಂದಾಗ ಅತ್ತೆ ಹೊಲದಲ್ಲಿ ಇರಲಿಲ್ಲ. ಇಲ್ಲೇ ಇದ್ದಳು. ತಾಯಿ ಮಗ ಇಬ್ಬರೂ ಸೇರಿ, ನಾನು ತವರಿಗೆ ಹೋದ ವಾರವನ್ನೇ ಆರಿಸಿ, ನನ್ನ ಮನೆಯವರು ಕೊಟ್ಟ ಧೋತರ ಕಟ್ಟಿ. ಯಾಕೆ ಎಂದು ಕೇಳಿದರೆ ಇನ್ನೊಂದು ಹೊಲದ ಕತೆ ಬರುತ್ತಿತ್ತು.

ಮರುದಿನ ಏಳೂವರೆಯ ಬಸ್ಸಿಗೆ ಲಿಂಗಸುಗೂರಿಗೆ ಹೊರಟೆ. ಅತ್ತೆ ತಡೆಯುತ್ತಾಳೆ ಎಂದುಕೊಂಡಿದ್ದೆ. ತಡೆಯಲಿಲ್ಲ.

“ಹೋಗಿ ಬಾ. ಯಾರರ ಕೇಳಿದ್ರ ದವಾಖಾನಿಗೆ ಹೋಗ್ಯಾಳ ಅಂತೀನಿ,” ಎಂದಳು. ಆಮೇಲೆ, “ಹುಸೇನ್‌ಸಾಬನ ಕೈಯಾಗ ಕೊಡು, ಮತ್ತೊಬ್ಬರ ಕೈಗೆ ಕೊಡಬ್ಯಾಡ.”

ನಾನು ಹುಸೇನ್‌ಸಾಬ್ ಎಂಬ ಹೆಸರನ್ನು ಮನೆಯಲ್ಲಿ ಎತ್ತಿರಲೇ ಇಲ್ಲ. ಅತ್ತೆಗೆ ಓದಲು ಬರುವುದಿಲ್ಲ.

ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ.

ಸ್ಟುಡಿಯೋ ಚಿಕ್ಕದು. ಗೋಡೆಯ ಮೇಲೆ ಜಲಪಾತದ ಚಿತ್ರದ ಪರದೆ, ಮೊಳೆಗೆ ಎಲ್ಲರೂ ಹಾಕಿಕೊಂಡು ಬಿಡುವ ಒಂದು ಕರಿ ಕೋಟು. ಹುಸೇನ್‌ಸಾಬರಿಗೆ ಅರವತ್ತರ ಮೇಲೆ. ಚರ್ಮದ ಚೀಲ ನೋಡಿದ್ದೇ ಎದ್ದು ನಿಂತರು. ಮೊದಲು ನನ್ನ ಸೀರೆ ನೋಡಿದರು, ಆಮೇಲೆ ರಸ್ತೆಯ ಆಚೆ ನೋಡಿದರು. ಅಲ್ಲಿ ಒಂದು ಹಣ್ಣಿನ ಬಂಡಿ ನಿಂತಿತ್ತು. ಅವರು ಬಾಗಿಲಿನ ಪರದೆ ಎಳೆದರು.

“ಖಬರ್ ಕೇಳಿದ್ದೆ ತಾಯಿ. ಬರಾಕ ಆಗಲಿಲ್ಲ. ಬಂದ್ರ ಕ್ಯಾಮೆರಾ ಕೇಳಾಕ ಬಂದಾನ ಅಂತೀರಿ. ನಲ್ವತ್ತು ದಿನ ಆಗಲಿ ಅಂತ ಸುಮ್ಮನಿದ್ದೆ.”

“ರೀಲು ತೊಳೀಬೇಕು. ಈಗಲೇ.”

“ಕರೆಂಟಿಲ್ಲ. ಪ್ರಿಂಟ್ ಹಾಕಾಕ ಆಗಂಗಿಲ್ಲ.”

“ತೊಳದು ಕೊಡ್ರಿ ಸಾಕು.”

“ಅದರಾಗ…” ಎಂದು ನಿಲ್ಲಿಸಿದರು. “ಅದರಾಗ ಮಾಸ್ತರು ತಗದವೂ ಅದಾವ.”

“ಅವೇ ಬೇಕು.”

ಅವರು ಕ್ಯಾಮೆರಾ ಎತ್ತಿಕೊಂಡು ಒಳಗಿನ ಕತ್ತಲೆ ಕೋಣೆಗೆ ಹೋದರು. ನಾನು ಬೆಂಚಿನ ಮೇಲೆ ಕೂತೆ. ಒಂದೂವರೆ ಗಂಟೆಯಲ್ಲಿ ಹಣ್ಣಿನ ಬಂಡಿಯವನು ಮೂರು ಸಲ ಈ ಕಡೆ ನೋಡಿದ.

ಹುಸೇನ್‌ಸಾಬ್ ಒದ್ದೆ ಆರಿದ ನೆಗೆಟಿವ್ ತಂದು, ಹಿಂದಿನ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಭೂತಗನ್ನಡಿ ಕೊಟ್ಟರು.

ನೆಗೆಟಿವ್‌ನಲ್ಲಿ ಬಿಳಿ ಕಪ್ಪಾಗಿರುತ್ತದೆ, ಕಪ್ಪು ಬಿಳಿಯಾಗಿರುತ್ತದೆ. ಮೊದಲನೆಯದರಲ್ಲಿ ಅವರು. ಸ್ಟೂಲಿನ ಮೇಲೆ ತಾವೇ ಕೂತು ಪರೀಕ್ಷೆ ಮಾಡಿಕೊಂಡಿದ್ದರು. ಧೋತರ ಕಪ್ಪು, ಕೂದಲು ಪೂರ್ತಿ ಬಿಳಿ. ಮುದುಕನಂತೆ ಕಾಣುತ್ತಿದ್ದರು. ಅದನ್ನೇ ನೋಡುತ್ತಾ ನಿಂತಿದ್ದೆ, ಹುಸೇನ್‌ಸಾಬ್ ಕೆಮ್ಮಿದರು.

ಉಳಿದ ಎಂಟರಲ್ಲಿ ಒಬ್ಬಳು ಹೆಂಗಸು. ಬುರ್ಖಾ ಬಿಳಿಯಾಗಿತ್ತು. ನನ್ನ ಮೈಮೇಲಿದ್ದ ಸೀರೆಯಷ್ಟು ಬಿಳಿ. ಒಂದರಲ್ಲಿ ಕಣ್ಣು ಮುಚ್ಚಿದ್ದಳು. ಒಂದರಲ್ಲಿ ತಲೆಯ ವಸ್ತ್ರ ಕಿವಿಯ ಮೇಲೆ ಬಿದ್ದಿತ್ತು. ಒಂದರಲ್ಲಿ ನಗು ತಡೆಯಲಾಗದೆ ಮುಖ ಪಕ್ಕಕ್ಕೆ ತಿರುಗಿಸಿದ್ದಳು. ಕೊನೆಯ ಎರಡರಲ್ಲಿ ಎರಡೂ ಕಿವಿ ಕಾಣುವಂತೆ, ಬಾಯಿ ಮುಚ್ಚಿ, ನೇರ ನೋಡುತ್ತಾ ಕೂತಿದ್ದಳು. ಎಂಟರಲ್ಲೂ ಬಲಗಡೆಯ ಕೆಳಗಿನ ಮೂಲೆಯಲ್ಲಿ ಒಂದು ಕೈ. ಮುಂಗೈ ಮೇಲೆ ಅತ್ತೆಯ ಚೇಳಿನ ಹಚ್ಚೆ. ಹತ್ತನೆಯದರಲ್ಲಿ, ನನ್ನದರಲ್ಲಿ, ಅದೇ ಕೈ ಅದೇ ಮೂಲೆಯಲ್ಲಿತ್ತು.

“ಈಕಿ ಯಾರು?”

“ನನ್ನ ತಂಗಿ ಮಗಳು, ಸುಭಾನಬಿ,” ಎಂದರು ಅವರು, ದನಿ ತಗ್ಗಿಸಿ. “ಗಂಡ ಬಿಟ್ಟು ಹೋಗ್ಯಾನ. ಮಸ್ಕತ್‌ನ್ಯಾಗ ಮನಿಗೆಲಸ ಸಿಕ್ಕೈತಿ. ಪಾಸ್‌ಪೋರ್ಟಿಗೆ ಫೋಟೋ ಬೇಕು. ಎದುರಿಗೆ ಬಂಡ್ಯಾಗ ನಿಂತಾನಲ್ಲ, ಅವ ಆಕಿ ಮೈದುನ. ಇಲ್ಲಿ ಬಂದು ಕುಂತ್ರ ಅವನಿಗೆ ಗೊತ್ತಾಗತೈತಿ. ಗೊತ್ತಾದ್ರ ಕಾಗದಪತ್ರ ಹರದು ಒಗೀತಾರ, ಆಕೀನ ಮನ್ಯಾಗ ಕೂಡಿ ಹಾಕ್ತಾರ.”

“ನೀವೇ ಎಲ್ಲಾದರೂ ಹೋಗಿ ತೆಗೀಬಹುದಿತ್ತಲ್ಲ?”

“ನಾ ಈ ಡಬ್ಬಿ ಹೆಗಲಿಗೆ ಹಾಕ್ಕೊಂಡು ಹೊಂಟ್ರ, ಸಾಬ್, ಎಲ್ಲಿ ಮದುವಿ ಅಂತ ಇಡೀ ಬಜಾರ ಕೇಳತೈತಿ ತಾಯಿ. ಮಾಸ್ತರ್ ಸಾಬ್ ಪ್ರತಿ ವರ್ಷ ಶಾಲಿ ಗ್ರೂಪ್ ಫೋಟೋಕ್ಕ ಕರೀತಿದ್ರು. ಅವರಿಗೆ ಹೇಳಿದೆ. ಒಬ್ಬ ಗಂಡಸಿನ ಮುಂದ ಪರದಾ ತಗೀಬೇಕಲ್ಲ ಅಂತ ಸುಭಾನ ಒಪ್ಪಲಿಲ್ಲ. ನಮ್ಮವ್ವ ಬಾಜೂಕ ಕುಂದರ್ತಾಳ ಅಂದ್ರು. ಒಪ್ಪಿದ್ಲು. ಮೊದಲನೇ ದಿನ ಮೋಡ ಇತ್ತು, ಬೆಳಕಾಗಲಿಲ್ಲ. ಎರಡನೇ ದಿನ ಆತು.”

“ನನಗ ಹೇಳಲಿಲ್ಲ.”

“ಯಾರಿಗೂ ಹೇಳಬ್ಯಾಡ್ರಿ ಅಂತ ನಾನೇ ಕೈ ಮುಗದಿದ್ದೆ. ರೀಲು ಅವತ್ತ ಬಿಚ್ಚಬೇಕಿತ್ತು. ಇನ್ನೂ ಉಳದಾವ, ಮನಿಯಾಕಿ ಊರಿಂದ ಬಂದಮ್ಯಾಲೆ ಆಕೀದೊಂದು ತಗೀತೀನಿ ಅಂದ್ರು. ಏಜೆಂಟ್ ಇಪ್ಪತ್ತೈದಕ್ಕ ಕಡೀ ದಿನ ಅಂದಾನ. ಸುಭಾನ ದಿನಾ ಕೇಳತಾಳ. ಸತ್ತ ಮನಿಗೆ ಹೋಗಿ ಹೆಂಗ ಕೇಳ್ಲಿ?”

ಅವತ್ತು ಇಪ್ಪತ್ತೆರಡು. ನನ್ನ ಫೋಟೋ ತೆಗೆಯುತ್ತೇನೆ ಎಂದು ಅವರು ನಿಜವಾಗಿ ಹೇಳಿದ್ದರೋ, ಬಿಳಿ ಸೀರೆ ನೋಡಿ ಮುದುಕ ಆಗಲೇ ಕಟ್ಟಿದ ಮಾತೋ. ಕೇಳಿ ತಿಳಿದುಕೊಳ್ಳಲು ಆ ಮನುಷ್ಯ ಇರಲಿಲ್ಲ. ನಂಬಿದೆ ಎಂದು ಬರೆಯಲಾರೆ.

“ನಂದು ಹೆಂಗ ಬಂದೈತಿ?” ಎಂದೆ.

ಹುಸೇನ್‌ಸಾಬ್ ಹತ್ತನೆಯದಕ್ಕೆ ಬೆರಳಿಟ್ಟರು. ಕಪ್ಪು ಧೋತರದಲ್ಲಿ ಕಪ್ಪು ಸೀರೆ ಕರಗಿಹೋಗಿತ್ತು. ಭುಜ ಇರಲಿಲ್ಲ, ತೋಳು ಇರಲಿಲ್ಲ. ಒಂದು ಮುಖ ಮಾತ್ರ.

“ಬಿಳಿ ಮುಂದ ಬಿಳಿ ಉಟ್ಟು ಕುಂತೀರಿ. ರುಂಡ ಒಂದ ಬಂದೈತಿ ತಾಯಿ. ಆಫೀಸಿನ್ಯಾರು ಇದನ್ನ ಒಪ್ಪಂಗಿಲ್ಲ. ಬಣ್ಣದ ಸೀರಿ ಬೇಕು, ಕಡು ಬಣ್ಣದ್ದು. ಕರೆಂಟ್ ಇದ್ದಿದ್ರ ಈ ಕೋಟು ಹಾಕಿಸಿ ಇಲ್ಲೇ ತಗೀತಿದ್ದೆ. ಈ ವಾರ ಹಗಲು ಹೊತ್ತು ಬರವಲ್ದು.”

ಅವರು ತುಂಡು ರೀಲೊಂದನ್ನು ಕ್ಯಾಮೆರಾಕ್ಕೆ ತುಂಬಿ, ಚೀಲದಲ್ಲಿಟ್ಟು, ನನ್ನ ಕೈಗೇ ಕೊಟ್ಟರು. “ಮತ್ತೆ ಮನ್ಯಾಗ ತಗೀರಿ. ತಂದು ಕೊಡುವಿರಂತ.”

ಮನೆಗೆ ಬಂದಾಗ ಮಧ್ಯಾಹ್ನ. ಅತ್ತೆ ಬಾಗಿಲಲ್ಲೇ ಕೂತಿದ್ದಳು. ಅವಳ ಕೈ ನೋಡಿದೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಆ ಹುಡುಗಿ ಫೋಟೋ ಬಂದಾವೇನು?” ಎಂದಳು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ.

“ಬಂದಾವ. ಇವತ್ತ ರಾತ್ರಿ ಕರೆಂಟ್ ಬಂದಮ್ಯಾಲೆ ಪ್ರಿಂಟ್ ಹಾಕ್ತಾರ. ನೀವು ನನಗ್ಯಾಕ ಹೇಳಲಿಲ್ಲ?”

“ಆಣಿ ಮಾಡಿಸಿಕೊಂಡಿದ್ದ ನನ್ನ ಮಗ. ಬದುಕಿದ್ರ ಮುರೀತಿದ್ದೆ, ಬೈಸ್ಕೋತಿದ್ದೆ. ಈಗ ಹೆಂಗ ಮುರೀಲಿ? ಬೈಯಾಕ ಯಾರದಾರ?”

“ಮುದುಕಮ್ಮ ಏನೇನೋ ಅಂದ್ಲು.”

“ಆಕಿ ಅಂದ್ಲು, ನೀ ಕೇಳಿದಿ. ನನ್ನ ಕೇಳಿದೇನು? ಮೂರು ದಿನದಿಂದ ಬರೇ ಕಣ್ಣಾಗ ನೋಡಾಕತ್ತೀದಿ, ನಾ ಏನೋ ಕದ್ದಾಕಿ ಹಾಂಗ.”

“ಕೇಳಿದೆ. ಹೊಲಕ್ಕ ಹೋಗಿದ್ದೆ ಅಂದ್ರಿ.”

“ಹೊಲ ಅಂದದ್ದು ತಪ್ಪಾತು,” ಎಂದಳು ಅತ್ತೆ. “ಕಿರಾಣಿ ಅಂಗಡಿಗೆ ಅನ್ನಬೇಕಿತ್ತು.”

ನನಗೆ ನಗು ಬಂತೋ ಏನೋ, ಮೂಗಿನಿಂದ ಒಂದು ಸದ್ದು ಬಂತು. ಹದಿನೇಳು ದಿನದಲ್ಲಿ ಅದೇ ಮೊದಲು.

ಬಣ್ಣದ ಸೀರೆಯ ಮಾತು ಹೇಳಿದೆ. ನನ್ನ ಸೀರೆಗಳನ್ನು ಅಣ್ಣನ ಹೆಂಡತಿ ಗಂಟು ಕಟ್ಟಿ ಒಯ್ದಿದ್ದಳು. ಅತ್ತೆ ಎದ್ದು ತನ್ನ ಟ್ರಂಕು ತೆಗೆದಳು. ಅವಳು ಬೋಳುಹಣೆಯವಳಾಗಿ ಇಪ್ಪತ್ತು ವರ್ಷ. ತಳದಿಂದ ಕಡು ಹಸಿರಿನ ಒಂದು ಇಲಕಲ್ ಸೀರೆ ಬಂತು. ಬೇವಿನ ಎಲೆಯ ವಾಸನೆ.

“ಮಂದಿ ನೋಡಿದ್ರ?” ಎಂದೆ.

“ಫೋಟೋದಾಗ ಬಣ್ಣ ಕಾಣಂಗಿಲ್ಲ.”

“ಫೋಟೋದಾಗ ಕಾಣಂಗಿಲ್ಲ. ಓಣ್ಯಾಗ ಕಾಣತೈತಿ. ಬಾಗಿಲು ಹಾಕ್ಲೇನು?”

“ಹಾಕು, ನೋಡೋಣ.”

ಬಾಗಿಲು ಹಾಕಿದೆ. ಕ್ಯಾಮೆರಾದಲ್ಲಿ ಕಣ್ಣಿಟ್ಟರೆ ಧೋತರ ಕಾಣಲಿಲ್ಲ, ಸ್ಟೂಲು ಕಾಣಲಿಲ್ಲ. ಆ ಕೋಣೆಗೆ ಕಿಟಕಿ ಇಲ್ಲ. ಬೆಳಕು ಬರುವುದಿದ್ದರೆ ಬಾಗಿಲಿನಿಂದಲೇ. ಮತ್ತೆ ತೆಗೆದೆ. ಎರಡೂ ಬಾಗಿಲು ಗೋಡೆಗೆ ತಾಗುವ ಹಾಗೆ ತೆಗೆದ ಮೇಲೆ ಧೋತರ ಬೆಳ್ಳಗೆ ಎದ್ದು ಬಂತು.

ಬಾಗಿಲ ಮೇಲೆ ಕೈ ಇಟ್ಟುಕೊಂಡು ನಿಂತೆ. ಅವತ್ತೂ ಹೀಗೇ ತೆರೆದಿರಬೇಕು. ತೆರೆದಿದ್ದರಿಂದಲೇ ಮುದುಕಮ್ಮ ತನ್ನ ಕಟ್ಟೆಯ ಮೇಲೆ ಕೂತು ಧೋತರ ನೋಡಿದಳು, ಪರದೆ ತೆಗೆದ ಮುಖ ನೋಡಿದಳು. ಮೂಲೆ ಹಿಡಿದು ಕೂತಿದ್ದ ಅತ್ತೆ ಮಾತ್ರ ಬಾಗಿಲ ಚೌಕಟ್ಟಿನ ಮರೆಯಲ್ಲಿ ಕಾಣದೇ ಹೋದಳು. ನಾಲ್ಕು ದಿನ ನಾನು ಬುರ್ಖಾವನ್ನೇ ನೆನೆದೆ. ಬಾಗಿಲನ್ನು ನೆನೆಯಲಿಲ್ಲ. ಕದ್ದು ಮಾಡುವವರು ಹಗಲಿನಲ್ಲಿ ಎರಡೂ ಬಾಗಿಲು ತೆರೆದಿಟ್ಟು ಗೋಡೆಗೆ ಬಿಳಿ ಬಟ್ಟೆ ಬಡಿಯುವುದಿಲ್ಲ. ಇದನ್ನು ನನಗೆ ಹುಸೇನ್‌ಸಾಬ್ ಹೇಳಬೇಕಾಗಿರಲಿಲ್ಲ, ಅತ್ತೆಯೂ ಹೇಳಬೇಕಾಗಿರಲಿಲ್ಲ.

ಹಸಿರು ಸೀರೆ ಉಟ್ಟು ಗೆರೆಯ ಮೇಲೆ ಕೂತೆ. ಅತ್ತೆ ನಾಲ್ಕನೆಯ ಮೂಲೆ ಹಿಡಿದಳು. ಎದುರು ಕಟ್ಟೆಯ ಮೇಲೆ ಮುದುಕಮ್ಮನ ಮೊರ ನಿಂತುಹೋಯಿತು.

“ಏನಬೇ ಗದ್ದೆಮ್ಮಾ, ಏನು ನಡಸೀರಿ? ಸೊಸಿಗೆ ಹಸರು ಸೀರಿ ಉಡಸೀದಿ?”

“ಬಯಲಾಟ ನಡಸೀವಿ. ಪರದಿ ಹಿಡ್ಯಾಕ ಮಂದಿ ಕಡಿಮಿ ಆಗ್ಯಾರ, ಬಾ!” ಎಂದಳು ಅತ್ತೆ, ಮೂಲೆ ಬಿಡದೆ. “ಬರಾಕ ಆಗದಿದ್ರ ಸುಮ್ಮನ ಜ್ವಾಳ ನೋಡು. ಹಳ್ಳು ಉಳದಾವು.”

ಮುದುಕಮ್ಮ ಬರಲಿಲ್ಲ. ಮೊರವೂ ಆಡಲಿಲ್ಲ. ಇನ್ನು ಸಂಜೆಗೆ ಹಸಿರು ಸೀರೆಯ ಸುದ್ದಿ ಓಣಿ ಸುತ್ತುತ್ತದೆ ಎಂದು ಗೊತ್ತಿತ್ತು. ಸುತ್ತಲಿ.

“ಉಸರು ಹಿಡಿ,” ಎಂದಳು ಅತ್ತೆ.

ಹಿಡಿದೆ.

ಅದಾದ ನಾಲ್ಕನೆಯ ದಿನ ಮತ್ತೆ ಲಿಂಗಸುಗೂರಿಗೆ ಹೋದೆ. ಹುಸೇನ್‌ಸಾಬ್ ಬೆಳಿಗ್ಗೆ ರೀಲು ತೊಳೆದು, ಕರೆಂಟು ಬಂದ ಮೇಲೆ ಪ್ರಿಂಟ್ ಹಾಕಿ, ಮೂಲೆಯ ಕೈಯನ್ನು ಕತ್ತರಿಸಿ ತೆಗೆದು, ನಾಲ್ಕು ಫೋಟೋ ಕಾಗದದ ಲಕೋಟೆಯಲ್ಲಿ ಕೊಟ್ಟರು. ಎರಡೂ ಕಿವಿ, ಎರಡೂ ಭುಜ. ನೆರಳಿಲ್ಲ. ಸೀರೆ ಕಪ್ಪಾಗಿತ್ತು. ಸುಭಾನಬಿಯ ಕಾಗದ ಇಪ್ಪತ್ತೈದಕ್ಕೆ ಏಜೆಂಟನ ಕೈ ಸೇರಿತ್ತಂತೆ. ನಾನು ಅವಳನ್ನು ನೋಡಲಿಲ್ಲ. ಬಂಡಿಯವನು ಎದುರಿಗೇ ಇದ್ದ, ಮಾವಿನಹಣ್ಣು ಒರೆಸುತ್ತಿದ್ದ.

ಬರಿದಾದ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಮೇಜಿನ ಮೇಲಿಟ್ಟೆ.

“ನಮ್ಮ ಮನಿಯವರು ನಿಮ್ಮ ಹತ್ತಿರದಿಂದ ತಂದಿದ್ದು. ಮತ್ತೇನಾದರೂ ತಂದಿದ್ರೇನು?”

“ಇಷ್ಟ ತಾಯಿ. ಬ್ಯಾರೆ ಏನಿಲ್ಲ.”

ಹುಸೇನ್‌ಸಾಬ್ ಕ್ಯಾಮೆರಾ ಹೊರತೆಗೆದು, ಗಾಜಿಗೆ ಊದಿ, ಹಿಂದಿನ ಮುಚ್ಚಳ ತೆರೆದು ಮುಚ್ಚಿದರು. ಮೇಲಿನ ಅಂಕಿ ಆಗಲೇ ಮೊದಲಿಗೆ ಹೋಗಿತ್ತು. ಆಮೇಲೆ ಚರ್ಮದ ಚೀಲ ಎತ್ತಿಕೊಂಡು, ಹೊಲಿಗೆಯ ಸಂದಿಯಲ್ಲಿದ್ದ ಸೀಮೆಸುಣ್ಣ ನೋಡಿ, ಒದ್ದೆ ಬಟ್ಟೆ ಕೈಗೆ ತೆಗೆದುಕೊಂಡರು. ನನ್ನ ಮುಖ ನೋಡಿ ತಡೆದರು.

“ಒರಸ್ರಿ,” ಎಂದೆ.

ಅವರು ಒರೆಸಿದರು. ನಾನು ಎರಡು ಗಂಟೆಯ ಬಸ್ಸಿಗೆ ಹೊರಟೆ.